ಕಾದು ಕೂತವರು

ಗಂಡ ಬಚ್ಚಲುಮನೆಯಲ್ಲಿ ಕನ್ನಡಿಯೆದುರು ನಿಂತು ಕೆಮ್ಮು ಅಭ್ಯಾಸ ಮಾಡುತ್ತಿದ್ದ. ಒಮ್ಮೆ ಒಣಕೆಮ್ಮು, ಒಮ್ಮೆ ಗಂಟಲು ಕೆರೆದುಕೊಳ್ಳುವಂಥದ್ದು, ಒಮ್ಮೆ ದೊಡ್ಡ ಮನುಷ್ಯರು ಸಭೆಯಲ್ಲಿ ಕೆಮ್ಮುವ ಹಾಗೆ ಎರಡು ತುಂಡಾಗಿ. ಅವಳು ಹಜಾರದಲ್ಲಿ ಸಂಜೆಯ ಕಚೇರಿಯ ಕಪ್ಪು ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಳು. ತೋಳಿನ ಒಂದು ಸುಕ್ಕು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. "ಇದು ಗೊತ್ತಾಗತ್ತೇನೇ?" ಎಂದು ಒಳಗಿನಿಂದಲೇ ಕೇಳಿದ. ಎಲ್ಲಾ ಒಂದೇ ಥರ ಇದೆ ರೀ, ಎಂದಳು. "ಸರಿಹೋಯ್ತು. ಇಷ್ಟು ವರ್ಷ ಸಂಸಾರ ಮಾಡಿ ಗಂಡನ ಕೆಮ್ಮು ಗುರುತು ಸಿಗಲ್ಲ ಅಂದ್ರೆ ನಾನು ಯಾರ ಹತ್ರ ಹೇಳ್ಕೊಳ್ಳಲಿ" ಎಂದವನು ಬಾಗಿಲಿಗೆ ಬಂದು, ಮುಖ ಒರೆಸಿಕೊಳ್ಳುತ್ತಾ, ಎರಡು ತುಂಡಿನದನ್ನೇ ಗಟ್ಟಿ ಮಾಡಿಕೊಂಡಿದ್ದೇನೆ ಎಂದು ತಿಳಿಸಿದ. ಅವಳಿಗೆ ನಗು ಬಂತು, ಬೆನ್ನಿಗೇ ಅಳುವೂ ಬಂತು. ಇಸ್ತ್ರಿಪೆಟ್ಟಿಗೆಯ ಹಬೆಯಲ್ಲಿ ಎರಡನ್ನೂ ಮುಚ್ಚಿಕೊಂಡಳು.

ಕೆಮ್ಮಿನ ಉಪಾಯ ಅವನದೇ. ಡ್ರೈವಿಂಗ್ ಕಲಿಸುವವನು ಅವನು, ಬೇರೆಯವರ ಕಾಲಿಗಿಂತ ಮುಂಚೆ ತನ್ನ ಕಾಲು ಒತ್ತುವುದೇ ಜೀವನವೆಲ್ಲ ಮಾಡಿದ ಕೆಲಸ. ಊಟದ ಮೇಜಿನಲ್ಲಿ ಅವಳು ಬಿಸಿ ಪಾತ್ರೆಗೆ ಬರಿಗೈ ಚಾಚಿದರೂ ಸಾಕು, ಮೇಜಿನ ಕೆಳಗೆ ಅವನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತದೆ. ಹೋದ ವರ್ಷ ಒಂದು ಬೆಳಿಗ್ಗೆ ಅವಳ ಕೈಯಿಂದ ಬಾಚಣಿಗೆ ಜಾರಿ ಬಿದ್ದಾಗ, ಅದನ್ನು ಎತ್ತಿಕೊಳ್ಳಲು ಬಗ್ಗಿದವಳು ಏಳಲಾರದೆ ಅಲ್ಲೇ ಕೂತಾಗ, ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನೂ ಅವನೇ. ಮಿದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ, ಚಿಕ್ಕದು, ನಿಮ್ಮ ಅದೃಷ್ಟ ಅಂದರು ಡಾಕ್ಟರು. ಅದೃಷ್ಟವೇ ಸರಿ. ಮಾತು ತಿರುಗಿ ಬಂತು, ಕಾಲು ಬಂತು, ಬೆರಳುಗಳು ಒಂದೊಂದಾಗಿ ಬಂದವು, ಕಮಾನು ಹಿಡಿದರೆ ವಯೋಲಾ, ವಯಲಿನ್ನಿನ ದೊಡ್ಡಕ್ಕನಂಥ ಅವಳ ವಾದ್ಯ, ತನ್ನ ಹಳೆಯ ದಪ್ಪ ದನಿಯಲ್ಲೇ ಮಾತಾಡಿತು. ಆ ದಿನ ಮರದ ಆ ಡೊಳ್ಳುಹೊಟ್ಟೆಗೆ, ತಂತಿಗೆ, ಕಮಾನಿಗೆ ಹಚ್ಚುವ ರಾಳದ ಪುಡಿಗೆ ಕೂಡ ಅವಳು ಮನಸ್ಸಿನಲ್ಲೇ ಕೈಮುಗಿದಿದ್ದಳು. ಬಾರದೆ ಉಳಿದದ್ದು ಎಣಿಕೆ ಒಂದೇ. ಹನ್ನೆರಡು ಹದಿನೈದರ ತನಕ ಹೇಗೋ ನಡೆಯುತ್ತದೆ, ಆಮೇಲೆ ಹದಿನಾರು ಅಂದೆನೋ, ಅನ್ನಬೇಕೋ, ಅಂದು ಎಷ್ಟು ಹೊತ್ತಾಯಿತೋ ತಿಳಿಯುವುದಿಲ್ಲ. ಒಮ್ಮೆ ಬಂಧುಗಳನ್ನು ಊಟಕ್ಕೆ ಕರೆದಾಗ, ಎದ್ದು ಎದ್ದು ಹೋಗಿ ತಟ್ಟೆಗಳನ್ನು ತಂದಿಟ್ಟಿದ್ದಳು. ನಾದಿನಿ ಏನೂ ಅನ್ನದೆ, ಹೆಚ್ಚಾದವನ್ನು ಒಂದರ ಮೇಲೊಂದು ಪೇರಿಸಿ ಒಳಗೆ ಒಯ್ದಳು. ಹೀಗೆ ಸದ್ದಿಲ್ಲದೆ ಮಾಡಿದ ಉಪಕಾರ ಅವಳನ್ನು ಬೈಗುಳಕ್ಕಿಂತ ಹೆಚ್ಚು ಸುಡುತ್ತಿತ್ತು.

ಎಣಿಸಲು ಬರುವುದಿಲ್ಲ ಅನ್ನುವುದು ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸುವವಳಿಗೆ ಎಣಿಸಲು ಬಾರದಿದ್ದರೆ ಉಳಿಯುವುದೇನು. ವಯಲಿನ್‌ಗಳು ರಾಗ ಹಿಡಿದು ಮೆರೆಯುತ್ತವೆ, ಸೆಲ್ಲೋ ಕೆಳಗಿನಿಂದ ಆಧಾರ ಕೊಡುತ್ತದೆ, ನಡುವೆ ಇರುವ ವಯೋಲಾದ ಪಾಲಿಗೆ ಬರುವುದು ಕಾಯುವುದು, ಎಣಿಸುವುದು, ಸರಿಯಾದ ಗಳಿಗೆಯಲ್ಲಿ ಒಂದು ಸ್ವರ ಇಟ್ಟು ಮತ್ತೆ ಕಾಯುವುದು. ಅದೂ ಇವರದು ಚಿಕ್ಕ ಗುಂಪು. ಕೋಲು ಹಿಡಿದು ಎದುರು ನಿಲ್ಲುವ ಕಂಡಕ್ಟರೇ ಇಲ್ಲ. "ಕಂಡಕ್ಟರ್ ಇಲ್ಲದ ಬಸ್ಸು ನಿಮ್ಮದು, ಯಾರು ಎಲ್ಲಿ ಬೇಕಾದ್ರೂ ಇಳಿದುಬಿಡಬಹುದು" ಎಂಬುದು ಗಂಡನ ಹಳೆಯ ಜೋಕು. ಹಳೆಯ ಸಂಗೀತದಲ್ಲಿ ಅವಳು ಹೇಗೋ ಪಾರಾಗುತ್ತಿದ್ದಳು. ಅಲ್ಲಿ ರಾಗವೇ ಕೈಹಿಡಿದು ಕರೆದೊಯ್ಯುತ್ತದೆ, ಪಕ್ಕದವರ ಉಸಿರು ಹೇಳುತ್ತದೆ, ಸೆಲ್ಲೋ ತಗ್ಗಿದರೆ ತಾನು ಏಳಬೇಕೆಂದು ಮೈಗೇ ಗೊತ್ತು. ಇವತ್ತಿನ ಹೊಸ ಕೃತಿ ಬಂದು ಎಲ್ಲ ಕೆಡಿಸಿತ್ತು.

ಇನ್ನೂರು ವರ್ಷದಿಂದ ಯಾರೂ ಮುಟ್ಟದೆ ಧೂಳು ತಿನ್ನುತ್ತಿದ್ದ ಒಂದು ಸಿಂಫನಿ, ಅದರ ಮಧ್ಯೆ ಸೇರಿಸಿ ಇದೇ ವರ್ಷ ಬರೆದ ಹೊಸ ಕೃತಿ. ಹಳೆಯದರ ಮೊದಲ ಭಾಗ ಮುಗಿದ ಕೂಡಲೇ ಹೊಸದು ಶುರು, ಹೊಸದರ ಕೊನೆಯಲ್ಲಿ ದೀಪಗಳು ಇಳಿಯುತ್ತವೆ, ಎಲ್ಲರೂ ಕಮಾನನ್ನು ತಂತಿಯಿಂದ ಕೂದಲೆಳೆಯಷ್ಟು ಮೇಲೆ ಹಿಡಿದು ಅಲುಗಾಡದೆ ಕೂರುತ್ತಾರೆ. ಸೆಕೆಂಡಿಗೊಂದರಂತೆ ಅರವತ್ತು ಎಣಿಕೆಯ ಮೌನ. ಆ ಮೌನವನ್ನು ವಯೋಲಾ ಒಬ್ಬಳೇ ಒಂದು ಸ್ವರದಿಂದ ಮುರಿಯಬೇಕು, ಆ ಸ್ವರದ ಮೇಲೆ ಒಬ್ಬೊಬ್ಬರಾಗಿ ಬಂದು, ಚಪ್ಪಾಳೆಗೆ ಎಡೆ ಕೊಡದೆ, ಹಳೆಯ ಸಿಂಫನಿಯ ನಿಧಾನ ಭಾಗಕ್ಕೆ ಇಳಿಯಬೇಕು. ಕೃತಿ ಬರೆದ ತುಂಡುಗೂದಲಿನ ಹುಡುಗಿಯ ಕಟ್ಟಪ್ಪಣೆ: ವೇದಿಕೆಯ ಮೇಲೆ ಗಡಿಯಾರ ಇರಕೂಡದು, ಸನ್ನೆ ಕೂಡದು, ವಯೋಲಾ ಎಲ್ಲರಿಗಿಂತ ಮುಂದೆ, ಬೇರೆಯವರಿಗೆ ಬೆನ್ನು ಮಾಡಿ ಕೂರಬೇಕು. ಇದನ್ನು ಓದಿದ ದಿನ ಅವಳು ಹಾಳೆಗಳನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ತುರುಕಿದ್ದಳು. ಆದರೆ ರಿಹರ್ಸಲ್‌ಗಳಲ್ಲಿ ಒಂದು ವಿಚಿತ್ರ ನಡೆಯಿತು. ಆ ಜಾಗಕ್ಕೆ ಬಂದಾಗಲೆಲ್ಲ, "ಇಲ್ಲಿ ಮೌನ, ಆಯ್ತು ಅಂದ್ಕೊಳ್ಳಿ, ಅಕ್ಕ ನೀವು ಬನ್ನಿ" ಎಂದು ಮುಂದಾಳು ಹೇಳುತ್ತಿದ್ದ, ಅವಳು ಬರುತ್ತಿದ್ದಳು. ಹಾಲ್ ಸಿಗುವುದೇ ಸ್ವಲ್ಪ ಹೊತ್ತು, ಕಷ್ಟದ ಜಾಗಗಳು ಬೇಕಾದಷ್ಟಿದ್ದವು, ಸುಮ್ಮನೆ ಕೂರುವುದನ್ನು ಯಾರಾದರೂ ಅಭ್ಯಾಸ ಮಾಡುತ್ತಾರೆಯೇ. ಕೊನೆಯ ರಿಹರ್ಸಲ್‌ಗೆ ಬರಬೇಕಿದ್ದ ಹುಡುಗಿಯ ರೈಲು ತಡವಾಯಿತು. ಹಾಗಾಗಿ ಕೃತಿಯ ಎಲ್ಲವನ್ನೂ ಅವರು ಅರೆದು ಕುಡಿದಿದ್ದರು, ಮೌನವನ್ನು ಮಾತ್ರ ಒಮ್ಮೆಯೂ ಮಾಡಿರಲಿಲ್ಲ. ಗಡಿಯಾರ ನೋಡಿ ಅರವತ್ತಾದ ಕೂಡಲೇ ಪ್ರೇಕ್ಷಕರ ನಡುವಿನಿಂದ ಗಂಡ ಕೆಮ್ಮುವುದು, ಅದನ್ನು ಕೇಳಿ ಅವಳು ಬರುವುದು, ಅದೊಂದೇ ಆಸರೆ.

ಮುಂದಾಳು ಒಂದು ಕಾಲದಲ್ಲಿ ಅವಳ ಶಿಷ್ಯ. ಮೂಗು ಸೋರುತ್ತಿದ್ದ ಹುಡುಗ, ವಯಲಿನ್ ಪೆಟ್ಟಿಗೆಯಲ್ಲಿ ಬಿಸ್ಕತ್ತು ಬಚ್ಚಿಡುತ್ತಿದ್ದವನು. ಈಗ ಮೊದಲ ವಯಲಿನ್ ಕುರ್ಚಿಯಲ್ಲಿ ಕೂತು ಇಡೀ ಗುಂಪನ್ನು ಹುಬ್ಬಿನಲ್ಲೇ ನಡೆಸುತ್ತಾನೆ. ಎಲ್ಲರೂ ಅವನನ್ನು ಮರಿಮೇಷ್ಟ್ರು ಅನ್ನುತ್ತಾರೆ. ಅವಳನ್ನು ವಾಪಸು ಸೇರಿಸಿಕೊಳ್ಳುವ ಮಾತು ಬಂದ ದಿನ, ಮೀಟಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅವಳು ಕೂತಿದ್ದಳು. ಬಾಗಿಲು ಪೂರ್ತಿ ಹಾಕಿರಲಿಲ್ಲ. ಸೆಲ್ಲೋದವಳ ದನಿ ಚೆನ್ನಾಗಿಯೇ ಕೇಳಿಸಿತ್ತು. "ನನಗೂ ಅವಳ ಮೇಲೆ ಪ್ರೀತಿ ಇದೆ ಕಣಪ್ಪ. ಆದ್ರೆ ನಾವೇನು ಧರ್ಮಛತ್ರ ನಡೆಸ್ತಿದೀವಾ? ಒಂದು ಸಲ ಎಡವಟ್ಟಾದ್ರೆ ಮುಳುಗೋದು ಎಲ್ಲರೂ." ಹಿಂದಿನಿಂದ ಎಲ್ಲರೂ ದೂರ್ವಾಸಮ್ಮ ಅನ್ನುವುದು ಈ ಸೆಲ್ಲೋದವಳನ್ನೇ. ಇಬ್ಬರೂ ಒಂದೇ ವರ್ಷ ಗುಂಪಿಗೆ ಸೇರಿದವರು, ಊರೂರು ತಿರುಗುವಾಗ ಒಂದೇ ಕೋಣೆಯಲ್ಲಿ ಮಲಗಿದವರು. ಮರಿಮೇಷ್ಟ್ರು ಶಾಂತವಾಗಿ, "ಅಕ್ಕನ ಜವಾಬ್ದಾರಿ ನಂದು. ಈ ಕಚೇರಿ ಆಗಲಿ, ಆಮೇಲೆ ತೀರ್ಮಾನ ಮಾಡೋಣ" ಎಂದಿದ್ದ. ಅಂದರೆ ಇವತ್ತು ಎಡವಿದರೆ ಅವಳ ಕುರ್ಚಿಯೂ ಹೋಯಿತು, ಅವನ ಮಾತೂ ಹೋಯಿತು. ಕಾಯಿಲೆಯ ಆ ತಿಂಗಳುಗಳಲ್ಲಿ ಗುಂಪಿನವರೆಲ್ಲ ಸರದಿಯಲ್ಲಿ ಊಟದ ಡಬ್ಬಿ ತಂದುಕೊಟ್ಟರು, ವ್ಯಾಯಾಮಕ್ಕೆ ಕರೆದುಕೊಂಡು ಹೋದರು, ಮೈ ಒರೆಸಿದವರೂ ಉಂಟು. ಥ್ಯಾಂಕ್ಸ್ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಕೊಟ್ಟು ಗೊತ್ತಿದ್ದ ಕೈ ಅದು, ಇಸಿದುಕೊಳ್ಳುವುದು ಗೊತ್ತಿರಲಿಲ್ಲ. ಮರಕ್ಕೆ, ತಂತಿಗೆ, ಬೆಳಗಿನ ಬಿಸಿಲಿಗೆ ಸಲೀಸಾಗಿ ಋಣಿಯಾಗುತ್ತಿದ್ದವಳು ಮನುಷ್ಯರೆದುರು ನಿಂತರೆ ಸಾಲಗಾರಳಂತೆ ಮುಖ ತಿರುಗಿಸುತ್ತಿದ್ದಳು.

ಸಂಜೆ ಹಾಲ್‌ನ ಹಿಂದಿನ ಕೋಣೆಯಲ್ಲಿ ಎಂದಿನ ಗದ್ದಲ. ಯಾರದೋ ತಂತಿ ಕೂಗುತ್ತಿತ್ತು, ಯಾರೋ ಸೇಬು ಕಚ್ಚುತ್ತಿದ್ದರು, ಮೂಲೆಯ ಹೀಟರು ಟಿಕ್ ಟಿಕ್ ಅನ್ನುತ್ತಿತ್ತು. ಮರಿಮೇಷ್ಟ್ರು ಬಂದು, "ಅಕ್ಕ, ಆರಾಮಾಗಿದೀರಲ್ಲ?" ಎಂದ. ಈಗಲೇ ಹೇಳಿಬಿಡಲೇ ಅನ್ನಿಸಿತು. ನನ್ನ ಕೈಲಿ ಆಗಲ್ಲ ಮರಿ, ಆ ಜಾಗವನ್ನ ಬೇರೆಯವರಿಗೆ ಕೊಡು. ಬಾಯಿ ತೆರೆದರೆ ಬಂದದ್ದು, "ನಿನ್ನ ಕಾಲರ್ ಸರಿ ಮಾಡ್ಕೋ" ಎಂಬ ಮಾತು. ಅವನು ಚಿಕ್ಕವನಿದ್ದಾಗಿನಂತೆ ಕತ್ತು ಚಾಚಿದ, ಅವಳೇ ಸರಿಮಾಡಿದಳು. ಅವನ ಕತ್ತಿನಲ್ಲಿ, ವಯಲಿನ್ ಒತ್ತಿ ಒತ್ತಿ ಆದ ಕಂದುಗಲೆ. ಅದರ ಮೊದಲ ಕೆಂಪು ಮೂಡಿದಾಗ ಅವನ ತಾಯಿ ಗಾಬರಿಯಾಗಿ ಬಂದದ್ದು, ತಾನು ತನ್ನ ಕತ್ತಿನ ಕಲೆಯನ್ನೇ ತೋರಿಸಿ ಸಮಾಧಾನ ಮಾಡಿದ್ದು ನೆನಪಾಗಿ, ಈ ಹುಡುಗನಿಗೆ ದ್ರೋಹ ಮಾಡುತ್ತಿದ್ದೇನೆ ಅನ್ನಿಸಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಹಳೆಯ ಸಿಂಫನಿಯ ಮೊದಲ ಭಾಗ ಚೆನ್ನಾಗಿ ಬಂತು. ಚೆನ್ನಾಗಿ ಅಂದರೆ ಸಾಲದು. ಇನ್ನೂರು ವರ್ಷ ಯಾರ ಕಿವಿಗೂ ಬೀಳದ ಸಂಗೀತ ಈ ಹದಿಮೂರು ಜನರ ಕೈಯಲ್ಲಿ ಕಣ್ಣು ಬಿಟ್ಟು, ಮೈಮುರಿದು, ಎದ್ದು ಓಡಾಡಿತು. ಅದನ್ನು ಬರೆದವನಿಗೆ ಇದೊಂದು ದಿನ ಬರುತ್ತದೆಂದು ಗೊತ್ತಿತ್ತೇ? ಒಂದು ಕಡೆ ಅವನು ವಯೋಲಾಗೆ ಒಂದು ಪುಟ್ಟ ತಿರುವು ಕೊಟ್ಟಿದ್ದ, ಯಾರ ಗಮನಕ್ಕೂ ಬಾರದ್ದು, ಬರೇ ನುಡಿಸುವವಳ ಬಾಯಿ ಸಿಹಿ ಮಾಡಲೆಂದು ಇಟ್ಟಂಥದ್ದು. ಅಲ್ಲಿಗೆ ಬಂದಾಗ ಅವಳಿಗೆ ಸುಖವಾಯಿತು. ಹೆಸರೂ ನೆಟ್ಟಗೆ ಉಳಿಯದ ಆ ಮನುಷ್ಯನಿಗೆ, ಸತ್ತವನಾದ್ದರಿಂದ ಬಹಳ ಸುಲಭವಾಗಿ, ನಿನ್ನ ಹೊಟ್ಟೆ ತಣ್ಣಗಿರಲಿ ಅಂದಳು.

ಆಮೇಲೆ ಹೊಸದು. ಅವಳು ಎದ್ದು ಮುಂದಿನ ಒಂಟಿ ಕುರ್ಚಿಗೆ ಹೋದಳು. ಮೂರನೇ ಸಾಲಿನ ಅಂಚಿನಲ್ಲಿ ಗಂಡ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಕತ್ತಲಲ್ಲಿ ಮುಳ್ಳು ಹೊಳೆಯುವ ಗಡಿಯಾರದ ಮೇಲೆ ಕೈ. ಕಚೇರಿಗಳಲ್ಲಿ ನಿದ್ದೆ ಹೊಡೆಯುವುದಕ್ಕೆ ಪ್ರಸಿದ್ಧನಾದವನು ಇವತ್ತು ಪರೀಕ್ಷೆಗೆ ಕೂತ ಹುಡುಗನ ಹಾಗೆ ಕಾಣುತ್ತಿದ್ದ. ಕೃತಿ ನಡೆಯಿತು, ಕಮಾನುಗಳು ತಂತಿಯನ್ನು ಕೆರೆದವು, ಬಡಿದವು, ಪಿಸುಗುಟ್ಟಿದವು. ದೀಪಗಳು ಇಳಿದವು. ಕೊನೆಯ ಪಿಸುಮಾತೂ ನಿಂತಿತು. ಅವಳು ಒಂದು ಅಂದಳು, ಎರಡು ಅಂದಳು.

ಮೂರೋ ನಾಲ್ಕೋ ಆಗುವಷ್ಟರಲ್ಲಿ ಎಡಗಡೆ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಕೆಮ್ಮಿದಳು. ಅದಕ್ಕೆ ಉತ್ತರವೆಂಬಂತೆ ಬಾಲ್ಕನಿಯಲ್ಲೊಬ್ಬ. ಆಮೇಲೆ ನಡುವಿನಲ್ಲಿ ಇಬ್ಬರು, ಆಮೇಲೆ ಇಡೀ ಹಾಲ್. ಅಷ್ಟು ಹೊತ್ತು ತಡೆಹಿಡಿದುಕೊಂಡ ಗಂಟಲುಗಳೆಲ್ಲ ಒಂದನ್ನೊಂದು ನೋಡಿ ಧೈರ್ಯ ತಂದುಕೊಂಡವು. ಒಣಕೆಮ್ಮು, ಕಫದ ಕೆಮ್ಮು, ಮರ್ಯಾದೆಯ ಕೆಮ್ಮು, ಎರಡು ತುಂಡಿನವು ಒಂದಲ್ಲ, ಹತ್ತು. ಜೀವಮಾನವೆಲ್ಲ ವೇದಿಕೆಯ ಮೇಲೆ ಕಳೆದವಳಿಗೆ, ಸದ್ದು ನಿಂತರೆ ಜನ ಕೆಮ್ಮುತ್ತಾರೆ ಎಂಬುದು ಮರೆತುಹೋಗಿತ್ತಲ್ಲ. ಯಾವುದು ಅವನದು? ಎಣಿಕೆ ಎಲ್ಲಿಗೋ ಹೋಗಿತ್ತು. ಹದಿಮೂರು ಅಂದದ್ದು ನೆನಪಿತ್ತು, ಅದು ಈಗಷ್ಟೇ ಅಂದದ್ದೋ ಆಗಲೇ ಅಂದದ್ದೋ. ಈಗ ಬರಲೇ? ಬೇಗ ಬಂದರೆ ಹುಡುಗಿಯ ಮೌನ ಹಾಳು, ತಡವಾದರೆ ಎಲ್ಲರೂ ಮುಳುಗಿದಂತೆ. ಆಗ ಎರಡು ತುಂಡಿನ ಒಂದು ಕೆಮ್ಮು ಮೂರನೇ ಸಾಲಿನಿಂದಲೇ ಬಂತು ಅನ್ನಿಸಿತು. ಕಮಾನು ಎಳೆಯಬೇಕೆಂದು ತೋಳಿಗೆ ಹೇಳಿದಳು. ಅಲ್ಲದಿದ್ದರೆ? ತೋಳು ಕದಲಲಿಲ್ಲ. ಅದೇ ಕೆಮ್ಮು ಮತ್ತೆ ಬಂತು, ಈ ಸಲ ಗಟ್ಟಿಯಾಗಿ, ಮೂರನೆಯ ಸಲ ಅಳುಬುರುಕಾಗಿ. ಆ ಹೊತ್ತಿಗೆ ಗಳಿಗೆ ಮೀರಿತ್ತು, ಅದು ಅವಳಿಗೆ ಮೈಯಲ್ಲೇ ಗೊತ್ತಾಯಿತು.

ಇನ್ನು ಯಾರಾದರೂ ಬರುತ್ತಾರೆ ಅಂದುಕೊಂಡಳು. ಬೆನ್ನ ಹಿಂದೆ ಹನ್ನೆರಡು ಜನ, ಎಲ್ಲರೂ ಎಣಿಸಬಲ್ಲವರು. ಅರವತ್ತು ಎಂದೋ ದಾಟಿದೆಯೆಂದು ಪ್ರತಿಯೊಬ್ಬರಿಗೂ ಗೊತ್ತು. ಮರಿಮೇಷ್ಟ್ರು ಒಂದು ಕಮಾನು ಎಳೆದರೆ ಮುಗಿಯಿತು, ಜನರಿಗೆ ಏನೂ ತಿಳಿಯುವುದಿಲ್ಲ, ಕಚೇರಿ ಉಳಿಯುತ್ತದೆ. ಯಾರೂ ಎಳೆಯಲಿಲ್ಲ. ಕಣ್ಣಂಚಿನಲ್ಲಿ, ಆ ಮಬ್ಬಿನಲ್ಲಿ, ಬಲಕ್ಕೆ ಅರ್ಧವೃತ್ತದ ತುದಿಯಲ್ಲಿ ಕೂತ ಸೆಲ್ಲೋದವಳ ಕಮಾನು ಕಾಣುತ್ತಿತ್ತು. ಸೆಲ್ಲೋದ ಕಮಾನನ್ನು ತಂತಿಗೆ ತಾಗಿಸದೆ ಹೊರಚಾಚಿ ಹಿಡಿದಿರುವುದು ಎಂಥ ಹಿಂಸೆಯೆಂದು ಅವಳಿಗೆ ಗೊತ್ತು. ಇಳಿಸಿದರೆ ಪ್ರೇಕ್ಷಕರಿಗೆ ತಪ್ಪು ತಿಳಿದುಹೋಗುತ್ತದೆ. ಕಮಾನಿನ ತುದಿ ಸಣ್ಣಗೆ ನಡುಗುತ್ತಿತ್ತು, ಇಳಿಯಲಿಲ್ಲ. ಧರ್ಮಛತ್ರವಲ್ಲ ಎಂದವಳು ಅಲ್ಲಿ ತೋಳು ಚಾಚಿ ಕೂತಿದ್ದಾಳೆ. ನನಗಾಗಿ ಕೂತಿದ್ದಾಳೆ, ಎಂದುಕೊಂಡಳು ಅವಳು. ಎಲ್ಲರೂ ಕೂತಿದ್ದಾರೆ. ಉಪಕಾರಕ್ಕಲ್ಲ, ಕರುಣೆಗಲ್ಲ. ಆ ಸ್ವರ ನನ್ನದು, ನಾನು ಬರುತ್ತೇನೆಂದು ಕೂತಿದ್ದಾರೆ. ಹೆದರಿಕೆ ಎಲ್ಲಿ ಹೋಯಿತೋ, ಎಷ್ಟು ಬೇಗ ಹೋಯಿತೋ, ಅವಳಿಗೆ ತಿಳಿಯಲಿಲ್ಲ. ಕೆಮ್ಮುಗಳು ಒಂದೊಂದಾಗಿ ದಣಿದು ನಿಂತವು. ಕೆಮ್ಮುವವರೆಲ್ಲ ಕೆಮ್ಮಿ ಮುಗಿಸಿದ ಮೇಲೆ ಉಳಿದದ್ದು ಬೇರೆಯೇ ಒಂದು ನಿಶ್ಶಬ್ದ, ನೂರಾರು ಜನ ಒಟ್ಟಿಗೆ ಉಸಿರಾಡುವ ಸದ್ದು ಅದರೊಳಗೆ ಕೇಳಿಸುತ್ತಿತ್ತು. ಅವಳು ಅದನ್ನು ಕೇಳುತ್ತಾ ಕೂತಳು. ಎಣಿಸಲಿಲ್ಲ. ಸಾಕು ಅನ್ನಿಸಿದಾಗ ಕಮಾನು ತಂತಿಯನ್ನು ಮುಟ್ಟಿತು.

ಸ್ವರ ತೆಳ್ಳಗೆ ಹುಟ್ಟಿ ದಪ್ಪಗಾಯಿತು. ಮೊದಲು ಸೆಲ್ಲೋ ಬಂತು, ಎಷ್ಟು ಹಗುರಾಗಿ ಬಂತೆಂದರೆ, ದಣಿದ ತೋಳಿಗೆ ಅಷ್ಟು ಮೃದುತ್ವ ಎಲ್ಲಿಂದ ಬಂತೋ. ಆಮೇಲೆ ವಯಲಿನ್‌ಗಳು. ಹಳೆಯ ಸಿಂಫನಿಯ ನಿಧಾನ ಭಾಗದಲ್ಲಿ ಅವಳ ಕಣ್ಣಿಗೆ ಪುಟ ಮಂಜಾಗಿತ್ತು, ಬೆರಳುಗಳು ದಾರಿ ತಪ್ಪಲಿಲ್ಲ.

ಚಪ್ಪಾಳೆಯೆಲ್ಲ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಎಲ್ಲರೂ ತಂತಮ್ಮ ಪೆಟ್ಟಿಗೆಗಳಿಗೆ ಬಗ್ಗಿದ್ದರು. ತುಂಡುಗೂದಲಿನ ಹುಡುಗಿ ಒಳಗೆ ಬಂದಳು. ಮುಖ ಬಿಳುಚಿತ್ತು. "ನಾನು ಬರೆದಿದ್ದು ಅರವತ್ತು. ಇವತ್ತು ಅದರ ಎರಡರಷ್ಟು ಆಯ್ತು" ಎಂದಳು. "ಮುಂದಿನ ಸಾಲಿನಲ್ಲಿ ಒಬ್ಬರು ಎದ್ದು ಹೋಗೋಣ್ವಾ ಅಂತಿದ್ರು."

"ತಪ್ಪು ನಂದು. ನಾನು ಸನ್ನೆ ಮಾಡಬೇಕಿತ್ತು, ಮರೆತೆ" ಎಂದ ಮರಿಮೇಷ್ಟ್ರು. ಸನ್ನೆಯೇ ಇರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

"ಸುಳ್ಳು ಹೇಳ್ಬೇಡ ಮರಿ" ಎಂದಳು ಅವಳು. ತನ್ನ ದನಿ ಇಷ್ಟು ನಿರಾಳವಾಗಿರುವುದು ಅವಳಿಗೇ ಆಶ್ಚರ್ಯ. "ನನಗೆ ಎಣಿಸೋಕೆ ಬರಲ್ಲ. ಕಾಯಿಲೆ ಆದಾಗಿಂದ ಹೋಗಿಬಿಟ್ಟಿದೆ. ಮುಚ್ಚಿಟ್ಟೆ. ಮನೆಯವರು ಕೆಮ್ತಾರೆ, ಅದನ್ನ ಕೇಳ್ಕೊಂಡು ಬರ್ತೀನಿ ಅಂತ ಮಾತಾಗಿತ್ತು. ಊರೆಲ್ಲಾ ಕೆಮ್ಮುತ್ತೆ ಅಂತ ನಮಗಿಬ್ಬರಿಗೂ ಹೊಳೀಲಿಲ್ಲ."

ಯಾರೋ ಕಿಸಕ್ಕೆಂದರು, ತಡೆದುಕೊಂಡರು. ಸೆಲ್ಲೋದವಳು ಮೂಲೆಯ ಸ್ಟೂಲಿನ ಮೇಲೆ ಬಲಭುಜ ಹಿಡಿದುಕೊಂಡು ಕೂತಿದ್ದಳು. "ಹಾಗಾದ್ರೆ ಇಷ್ಟು ದಿನ ಹಳೇದರಲ್ಲೆಲ್ಲಾ ಹೇಗೆ ಬರ್ತಿದ್ದೆ ನೀನು?" ಎಂದು ಕೇಳಿದಳು.

"ನೀನು ನುಡಿಸೋದು ಕೇಳ್ಕೊಂಡು ಬರ್ತಿದ್ದೆ."

ಸೆಲ್ಲೋದವಳು ಭುಜ ಹಿಡಿದ ಕೈಯನ್ನು ಕೆಳಗಿಳಿಸಿದಳು. ಹುಡುಗಿ, ತನ್ನಷ್ಟಕ್ಕೆ ತಾನು ಲೆಕ್ಕ ಹಾಕುತ್ತಿದ್ದವಳು, "ನಾಳೆ ಇನ್ನೊಂದು ಹಾಲ್‌ನಲ್ಲಿ ಇದೇ ಕಚೇರಿ ಇದೆಯಲ್ಲ, ಆ ಸ್ವರಾನ ಎರಡನೇ ವಯಲಿನ್‌ಗೆ ಕೊಟ್ರೆ ಆಗತ್ತೆ, ದೊಡ್ಡ ಬದಲಾವಣೆ ಏನಲ್ಲ" ಎಂದಳು. ನ್ಯಾಯವಾದ ಮಾತೇ. ಅವಳು ತಲೆಯಾಡಿಸಿದಳು. ಕುರ್ಚಿ ಹೋಗುವುದಾದರೆ ಹೀಗೆ ಹೋಗಲಿ, ಈ ಸಂಜೆ ಸಿಕ್ಕಿತಲ್ಲ ಅನ್ನಿಸಿತು. ನಿಜವಾಗಿಯೂ ಹಾಗನ್ನಿಸಿತು.

"ಬೇಡ" ಎಂದಳು ಸೆಲ್ಲೋದವಳು. ಎಲ್ಲರೂ ಅವಳ ಕಡೆ ತಿರುಗಿದರು. "ನಾನು ಎಣಿಸ್ತಾ ಇದ್ದೆ. ಅರವತ್ತಾಯ್ತು. ಎಪ್ಪತ್ತಾಯ್ತು. ಮನಸ್ಸಲ್ಲೇ ಇವಳಿಗೆ ಬಾಯಿಗೆ ಬಂದ ಹಾಗೆ ಬೈದೆ. ತೊಂಬತ್ತಾದ್ಮೇಲೆ ಎಣಿಸೋದೇ ಬಿಟ್ಟೆ. ಇಷ್ಟು ವರ್ಷದಲ್ಲಿ ಸ್ಟೇಜ್ ಮೇಲೆ ಕೂತು ಒಂದು ದಿನಾನೂ ಎಣಿಸದೇ ಇದ್ದವಳಲ್ಲ ನಾನು. ಬಿಡಬಹುದು ಅಂತಾನೇ ಗೊತ್ತಿರಲಿಲ್ಲ." ಹುಡುಗಿಯ ಕಡೆ ನೋಡಿದಳು. "ಕೃತಿ ನಿಂದು ಕಣಮ್ಮ, ನಿನ್ನಿಷ್ಟ. ಆದ್ರೆ ನನ್ನ ಕೇಳಿದ್ರೆ ನಾಳೆನೂ ಇವಳೇ ಬರ್ಲಿ. ಇವಳಿಗೆ ಸಾಕು ಅನ್ನಿಸಿದಾಗ ಬರ್ಲಿ. ನಾವು ಕೂತಿರ್ತೀವಿ."

"ಇನ್ನೂ ಉದ್ದ ಆದ್ರೆ?" ಎಂದಳು ಹುಡುಗಿ.

"ಆಗ್ಲಿ. ನಮಗೇನು ರೈಲು ತಪ್ಪತ್ತಾ?"

ಹುಡುಗಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಜೇಬಿನಿಂದ ಪೆನ್ಸಿಲ್ ತೆಗೆದು, ವಯೋಲಾದ ಹಾಳೆಗಳಲ್ಲಿ ಕೊನೆಯದನ್ನು ಹುಡುಕಿ, ಅರವತ್ತು ಎಂಬ ಅಂಕಿಯ ಮೇಲೆ ಒಂದು ಗೆರೆ ಎಳೆದಳು. ಅದರ ಜಾಗದಲ್ಲಿ ಏನು ಬರೆಯುವುದೆಂದು ಪೆನ್ಸಿಲ್ ಕಚ್ಚುತ್ತಾ ಸ್ವಲ್ಪ ನಿಂತು, ಏನೂ ಬರೆಯದೆ ಹಾಳೆಯನ್ನು ಅವಳ ಕೈಗಿತ್ತಳು. ಮರಿಮೇಷ್ಟ್ರು ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡ. ಕೋಣೆಯಲ್ಲಿ ಮತ್ತೆ ಪೆಟ್ಟಿಗೆಗಳು ತೆರೆದುಕೊಂಡವು, ಯಾರೋ ಊಟಕ್ಕೆ ಎಲ್ಲಿಗೆ ಹೋಗೋಣ ಅಂದರು.

ಅವಳು ಸೆಲ್ಲೋದವಳ ಹತ್ತಿರ ಹೋದಳು. ಹೇಳಬೇಕಾದದ್ದು ಬೇಕಾದಷ್ಟಿತ್ತು. ಊಟದ ಡಬ್ಬಿಗಳಿಂದ ಹಿಡಿದು ಹೇಳಬೇಕಿತ್ತು, ಎಂದೂ ನೆಟ್ಟಗೆ ಹೇಳಿರಲಿಲ್ಲ. "ನಿನ್ನ ಉಪಕಾರ ನಾನು..." ಎಂದು ಶುರು ಮಾಡಿದಳು.

"ಅದೆಲ್ಲಾ ಆಮೇಲೆ. ಭುಜ ಸಾಯ್ತಿದೆ ನಂದು, ಮೊದಲು ಅದಕ್ಕೇನಾದ್ರೂ ಮಾಡು" ಎಂದಳು ಸೆಲ್ಲೋದವಳು.

ಅವಳು ವಯೋಲಾವನ್ನು ಪೆಟ್ಟಿಗೆಯಲ್ಲಿಟ್ಟು, ಸ್ಟೂಲಿನ ಹಿಂದೆ ನಿಂತು, ಗೆಳತಿಯ ಭುಜವನ್ನು ಎರಡೂ ಕೈಯಲ್ಲಿ ಹಿಡಿದು ಒತ್ತತೊಡಗಿದಳು. ಸಾಕು ಅಂತ ಅವಳು ಹೇಳುವವರೆಗೂ ಕೈ ತೆಗೆಯಲಿಲ್ಲ.